ಮೇಷ್ಟ್ರ ಕಿವಿಗೆ ಯಾವ ಜಾತಿ?

ಮೇಷ್ಟ್ರುಗಳ ತರಬೇತಿ ಎಲ್ಲೇ ನಡೆಯಲಿ, ಒಂದು ಜಪಾನಿ ಪುಸ್ತಕದ ಹೆಸರು ಬಂದೇ ಬರುತ್ತದೆ. ತೆತ್ಸುಕೊ ಕುರೊಯಾನಾಗಿ ೧೯೮೧ರಲ್ಲಿ ಪ್ರಕಟಿಸಿದ ‘ತೊತ್ತೊ-ಚಾನ್’. ವಿ. ಗಾಯತ್ರಿಯವರು ಕನ್ನಡಕ್ಕೆ ತಂದ ಮೇಲೆ ಅದು ಹಳ್ಳಿ ಶಾಲೆಗಳ ಬೀರುವಿನವರೆಗೂ ಬಂದು ಕೂತಿದೆ. ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿಯ ಕತೆ. ಡೆಸ್ಕಿನ ಮುಚ್ಚಳ ಮತ್ತೆ ಮತ್ತೆ ತೆಗೆದು ಮುಚ್ಚಿದ್ದು, ಕಿಟಕಿಯಲ್ಲಿ ನಿಂತು ಬೀದಿ ವಾದ್ಯದವರನ್ನು ಕರೆದದ್ದು ಅವಳ ಅಪರಾಧ. ತಾಯಿ ಅವಳನ್ನು ತೊಮೊಯೆ ಅನ್ನೋ ಇನ್ನೊಂದು ಶಾಲೆಗೆ ಕರಕೊಂಡು ಹೋಗ್ತಾಳೆ. ಹಳೇ ರೈಲು ಡಬ್ಬಿಗಳೇ ಅಲ್ಲಿ ಕ್ಲಾಸುಗಳು. ಹೆಡ್‌ಮಾಸ್ತರು ಕೊಬಾಯಾಶಿ ತಾಯಿಯನ್ನು ಮನೆಗೆ ಕಳಿಸಿ, ಹುಡುಗಿಯ ಎದುರು ಕೂತು, ನಿನಗೆ ಹೇಳಬೇಕು ಅನ್ನಿಸಿದ್ದನ್ನೆಲ್ಲ ಹೇಳು ಅನ್ನುತ್ತಾರೆ. ಹುಡುಗಿ ನಾಲ್ಕು ಗಂಟೆ ಮಾತಾಡುತ್ತಾಳೆ. ಬಂದ ರೈಲಿನ ವೇಗ, ಹಳೇ ಶಾಲೆಯ ಗುಬ್ಬಚ್ಚಿಯಂಥ ಹಕ್ಕಿಯ ಗೂಡು, ಮನೆಯ ನಾಯಿ, ಮೂಗು ಒರೆಸಿಕೊಳ್ಳೋದು, ಹರಿದ ಬಟ್ಟೆ... ಆ ಮನುಷ್ಯ ಒಂದು ಸಲವೂ ಆಕಳಿಸುವುದಿಲ್ಲ. ಮಾತೆಲ್ಲ ಮುಗಿದ ಮೇಲೆ, ಇನ್ನು ನೀನು ಈ ಶಾಲೆಯವಳು ಅನ್ನುತ್ತಾರೆ.

ತರಬೇತಿಯಲ್ಲಿ ಇದನ್ನು ಓದಿದಾಗ ಚಪ್ಪಾಳೆ. ಕಣ್ಣಲ್ಲಿ ನೀರು ತಂದುಕೊಂಡವರೂ ಉಂಟು. ಪುಸ್ತಕ ನನಗೂ ಇಷ್ಟ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ನಾವು ಅದನ್ನು ಓದುವ ರೀತಿಯ ಬಗ್ಗೆ. ನಾವು ಆ ನಾಲ್ಕು ಗಂಟೆಯನ್ನು ಒಬ್ಬ ಒಳ್ಳೇ ಮನುಷ್ಯನ ತಾಳ್ಮೆ ಅಂತ ಓದಿ, ಪುಸ್ತಕ ಮುಚ್ಚಿ, ಊಟಕ್ಕೆ ಏಳುತ್ತೇವೆ. ತಾಳ್ಮೆ ಇದ್ದರೆ ಸಾಕು ಕೇಳಿಸಿಕೊಳ್ಳಬಹುದು ಅನ್ನೋ ಸುಳ್ಳು ಅಲ್ಲಿಂದಲೇ ಹುಟ್ಟುತ್ತದೆ.

ಯೋಚನೆ ಮಾಡಿ. ನಾಲ್ಕು ಗಂಟೆ ಮಾತಾಡೋಕೆ ಆ ಹುಡುಗಿಗೆ ಮಾತು ಎಲ್ಲಿಂದ ಬಂತು? ಅವಳಪ್ಪ ವಾದ್ಯವೃಂದದ ಮುಖ್ಯ ಪಿಟೀಲು ವಾದಕ. ಮನೆಯಲ್ಲಿ ಅವಳು ಬಾಯಿ ತೆರೆದರೆ ಕೇಳುವ ತಾಯಿ ಇದ್ದಾಳೆ. ಮಗಳನ್ನು ಶಾಲೆಯಿಂದ ತೆಗೆದುಹಾಕಿದ ಸುದ್ದಿಯನ್ನೂ ಆ ತಾಯಿ ಮಗುವಿಗೆ ತಿಳಿಸದೆ ನುಂಗಿಕೊಂಡಿದ್ದಾಳೆ. ತನ್ನ ಮಾತಿಗೆ ಬೆಲೆ ಇದೆ ಅಂತ ಆ ಮಗುವಿಗೆ ಶಾಲೆಗೆ ಬರುವ ಮೊದಲೇ ಗೊತ್ತು. ಕೊಬಾಯಾಶಿ ಮಾಡಿದ್ದು ಆ ನಂಬಿಕೆಯನ್ನು ಮುರಿಯದೆ ಉಳಿಸಿದ್ದು. ಅದು ದೊಡ್ಡ ಕೆಲಸವೇ. ಆದರೆ ಆ ನಂಬಿಕೆಯೇ ಇಲ್ಲದೆ ಬಂದ ಮಗುವಿನ ಎದುರು ಕುರ್ಚಿ ಎಳೆದುಕೊಂಡು ಕೂತು ‘ಹೇಳಪ್ಪ’ ಅಂದರೆ ಏನಾಗುತ್ತದೆ? ನಮ್ಮ ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ಮಗು ನೆಲ ನೋಡುತ್ತದೆ, ಹೆಬ್ಬೆರಳಲ್ಲಿ ನೆಲ ಕೆರೆಯುತ್ತದೆ. ‘ಏನೂ ಇಲ್ಲ ಸಾ’ ಅನ್ನುತ್ತದೆ. ‘ಈ ಮಕ್ಕಳು ಮಾತೇ ಆಡಲ್ಲ ಕಣ್ರೀ’ ಅಂತ ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ಹೇಳುತ್ತಾರೆ.

ಅದೇ ಪುಸ್ತಕದಲ್ಲಿ ಇನ್ನೊಬ್ಬ ಹುಡುಗ ಇದ್ದಾನೆ. ತರಬೇತಿಗಳಲ್ಲಿ ಅವನ ಹೆಸರು ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ. ಅವನ ಹೆಸರು ಮಸಾವೊ. ಕೊರಿಯಾದಿಂದ ಬಂದವರ ಮಗ. ೧೯೧೦ರಿಂದ ೧೯೪೫ರವರೆಗೆ ಕೊರಿಯಾ ಜಪಾನಿನ ಕಾಲಡಿ ಇತ್ತು. ಬದುಕಲು ಬಂದ ಕೊರಿಯಾದವರನ್ನು ಜಪಾನಿನಲ್ಲಿ ಹೇಗೆ ಕಂಡರು ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ಈ ಹುಡುಗ ದಾರಿಯಲ್ಲಿ ತೊತ್ತೊ-ಚಾನಳನ್ನು ಕಂಡು ‘ಕೊರಿಯಾದವಳೇ!’ ಅಂತ ಕಿರುಚುತ್ತಾನೆ. ಹುಡುಗಿಗೆ ಅರ್ಥವಾಗುವುದಿಲ್ಲ. ಮನೆಗೆ ಹೋಗಿ ಹೇಳಿದಾಗ ತಾಯಿಯ ಕಣ್ಣು ತುಂಬುತ್ತದೆ. ಎಲ್ಲರೂ ಅವನನ್ನು ಆ ಮಾತಿನಿಂದ ಹೀಯಾಳಿಸಿ ಹೀಯಾಳಿಸಿ, ಅದೊಂದು ಬೈಗುಳ ಅಂತಲೇ ಆ ಮಗು ತಿಳಿದಿದೆ. ತನ್ನದೇ ಜನದ ಹೆಸರು ಅವನಿಗೆ ಗೊತ್ತಿರುವ ಅತಿ ಕೆಟ್ಟ ಬೈಗುಳ.

ತೊತ್ತೊ-ಚಾನಳಿಗೆ ನಾಲ್ಕು ಗಂಟೆಯ ಮಾತು. ಮಸಾವೊಗೆ ಒಂದು ಮಾತು, ಅದೂ ಬೇರೆಯವರು ಅವನ ಮೇಲೆ ಎಸೆದ ಕಲ್ಲು.

ನಮ್ಮ ಕೇರಿಯ ಮಕ್ಕಳು ಜಗಳದಲ್ಲಿ ಒಬ್ಬರಿಗೊಬ್ಬರು ಬೈದುಕೊಳ್ಳೋದನ್ನ ಒಮ್ಮೆ ನಿಂತು ಕೇಳಿ. ತಮ್ಮ ಜಾತಿ ಹೆಸರನ್ನೇ ಬೈಗುಳ ಮಾಡಿಕೊಂಡು ಬೈತಿರ್ತಾರೆ. ನಮ್ಮ ಶಾಲೆಯ ಪ್ರಶ್ನೆ ಮಸಾವೊನ ಪ್ರಶ್ನೆ. ಆ ಪುಸ್ತಕದಲ್ಲಿ ಮಸಾವೊನ ಒಂದು ಕೂಗನ್ನು ಸರಿಯಾಗಿ ಕೇಳಿಸಿಕೊಂಡವಳು ಅವನ ಮೇಷ್ಟ್ರಲ್ಲ, ಬೇರೆ ಮನೆಯ ಒಬ್ಬ ತಾಯಿ. ಮಾತನ್ನು ಬಿಟ್ಟು ಮಾತಿನ ಹಿಂದೆ ಏನು ನಡೆದಿದೆ ಅಂತ ಅವಳು ಕೇಳಿಸಿಕೊಂಡಳು. ಆದರೆ ಅವಳಿಗೂ ಮಸಾವೊನನ್ನು ಕರೆದು ಕೂರಿಸಿ ಕೇಳೋಕೆ ಆಗಲಿಲ್ಲ. ಅವನ ಪಾಲಿನ ನಾಲ್ಕು ಗಂಟೆ ಯಾರ ಹತ್ತಿರ ಉಳಿಯಿತು?

ಈಗ ನಮ್ಮ ಶಾಲೆಗೆ ಬರೋಣ.

ನನ್ನ ಜೊತೆ ಆರನೇ ಕ್ಲಾಸು ಓದುತ್ತಿದ್ದ ಒಬ್ಬ ಹುಡುಗ ಮೂರು ವಾರ ಶಾಲೆಗೆ ಬಂದಿರಲಿಲ್ಲ. ಬಂದ ದಿನ ಮೇಷ್ಟ್ರು ನಿಲ್ಲಿಸಿ ಕೇಳಿದರು. ಅವನು, ‘ಅವ್ವ ಕಬ್ ಕಡಿಯಕ್ ಓಗಿತ್ತು ಸಾ, ತಂಗಿ ನೋಡ್ಕಳಕ್ಕೆ ಯಾರೂ ಇರ್ನಿಲ್ಲ’ ಅಂದ. ಮೇಷ್ಟ್ರು, ‘ಓಗಿತ್ತು ಅಲ್ಲ ಕಣೋ, ಹೋಗಿದ್ದರು. ಎಲ್ಲಿ ಹೇಳು, ಹ... ಹೊಟ್ಟೆಯಿಂದ ಬರಬೇಕು, ಹ...’ ಅಂದರು. ಕ್ಲಾಸು ನಕ್ಕಿತು. ಅವನು ಹ ಅಂದ. ಇನ್ನೊಂದು ಸಲ ಹೇಳಿಸಿದರು, ಮತ್ತೆ ಹ ಅಂದ. ಮೇಷ್ಟ್ರು ಕೆಟ್ಟವರಲ್ಲ, ಹೊಡೆಯಲೂ ಇಲ್ಲ, ಅವತ್ತು ಅವನಿಗೆ ಶುದ್ಧ ಕನ್ನಡ ಕಲಿಸಿದೆ ಅನ್ನೋ ತೃಪ್ತಿ ಅವರ ಮುಖದಲ್ಲಿತ್ತು. ಆದರೆ ಆ ಹುಡುಗ ಹೇಳಿದ್ದೇನು? ಒಬ್ಬ ಹೆಂಗಸು ಕೂಲಿಗೆ ಊರು ಬಿಟ್ಟು ಹೋಗಿದ್ದಾಳೆ. ಹನ್ನೊಂದು ವರ್ಷದ ಹುಡುಗ ಮೂರು ವಾರ ಒಂದು ಮಗುವಿಗೆ ತಾಯಿಯಾಗಿದ್ದಾನೆ. ಗಂಜಿ ಕಾಯಿಸಿದ್ದಾನೆ, ರಾತ್ರಿ ಹೆದರಿದ್ದಾನೆ. ಇಷ್ಟೂ ಆ ಒಂದು ವಾಕ್ಯದಲ್ಲಿತ್ತು. ಮೇಷ್ಟ್ರ ಕಿವಿಗೆ ಬಿದ್ದದ್ದು ಒಂದು ಅಕ್ಷರ ಇಲ್ಲ ಅನ್ನೋದಷ್ಟೇ. ಇನ್ನು, ಅವ್ವನ್ನ ‘ಓಗಿತ್ತು’ ಅನ್ನೋದು ನಮ್ಮ ಕಡೆ ಸಲಿಗೆಯೂ ಹೌದು, ಮರ್ಯಾದೆಯೂ ಹೌದು. ಅದೂ ತಿದ್ದಲ್ಪಟ್ಟಿತು. ಏಳನೇ ಕ್ಲಾಸಿಗೆ ಅವನು ಇರಲಿಲ್ಲ. ಈಗ ಬೆಂಗಳೂರಲ್ಲಿ ಗಾರೆ ಕೆಲಸ.

ಹ-ಕಾರದ ಈ ಪಾಂಡಿತ್ಯ ಎಂಥದು ನೋಡಿ. ಪಂಪನ ಕಾಲಕ್ಕೆ ‘ಹಾಲು’ ಇರಲಿಲ್ಲ, ‘ಪಾಲ್’ ಇತ್ತು. ‘ಹೋಗು’ ಇರಲಿಲ್ಲ, ‘ಪೋಗು’ ಇತ್ತು. ತಮಿಳರು ಇವತ್ತೂ ಪಾಲ್ ಅನ್ನುತ್ತಾರೆ. ಹತ್ತನೇ ಶತಮಾನದ ಆಚೀಚೆ ಶುರುವಾಗಿ ಜನರ ಬಾಯಲ್ಲಿ ಪ ಸವೆದು ಹ ಆಯಿತು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಳೇ ಮೈಸೂರಿನ ದುಡಿಯುವ ಜನರ ಬಾಯಲ್ಲಿ ಹ ಕೂಡ ಸವೆದು ‘ಆಲು’, ‘ಓಗು’ ಆಗಿದೆ. ಮೊದಲನೆಯದಕ್ಕೆ ಭಾಷೆಯ ಬೆಳವಣಿಗೆ ಅಂತ ಹೆಸರು, ಎರಡನೆಯದಕ್ಕೆ ಅಶುದ್ಧ ಅಂತ ಹೆಸರು. ಬದಲಾವಣೆ ಒಂದೇ ಜಾಡಿನದು, ಬದಲಾಯಿಸಿದವರ ಜಾತಿ ಬೇರೆ. ಮಹಾಪ್ರಾಣದ ಕತೆಯೂ ಇಷ್ಟೇ. ಹೆಚ್ಚಿನ ಕನ್ನಡಿಗರ ಬಾಯಲ್ಲಿ ಇಲ್ಲದ ಉಚ್ಚಾರವನ್ನು ಕನ್ನಡದ ಅಳತೆಗೋಲು ಮಾಡಿದ್ದನ್ನು ಡಿ. ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ಹೇಳಿದರು. ಆ ಪುಸ್ತಕಗಳು ಎಷ್ಟು ಟ್ರೈನಿಂಗ್ ಕಾಲೇಜುಗಳ ಪಾಠದ ಒಳಗೆ ಬಂದವು?

ಬರೆಯಲು ಕಲಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಪುಸ್ತಕದ ಕನ್ನಡ ನಮ್ಮ ಮಕ್ಕಳಿಗೆ ಬೇಕು. ಅರ್ಜಿ ಬರೆಯೋಕೆ, ಕೋರ್ಟಿನ ಕಾಗದ ಓದೋಕೆ, ಈ ಥರ ಜಗಳ ಆಡೋಕೂ ಬೇಕು. ಆದರೆ ಯಾವಾಗ ತಿದ್ದಬೇಕು? ಮಗು ತನ್ನ ನೋವು ಹೇಳುವಾಗಲ್ಲ. ಕೇಳಿಸಿಕೊಳ್ಳುವ ಹೊತ್ತು ಬೇರೆ, ಕಾಗುಣಿತದ ಹೊತ್ತು ಬೇರೆ.

ಇದು ಬರೀ ಪ್ರಾಥಮಿಕ ಶಾಲೆಯ ರೋಗವೂ ಅಲ್ಲ. ೧೯೮೪ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಓದಕ್ಕೆ ಆಗಲ್ಲ, ಅರ್ಥ ಆಗಲ್ಲ ಅಂದವರು ಯಾರು? ಹಳಗನ್ನಡದ ಪದ್ಯಗಳನ್ನು ಅರ್ಥಕೋಶ ಪಕ್ಕಕ್ಕಿಟ್ಟುಕೊಂಡು ವರ್ಷಗಟ್ಟಲೆ ಓದಿದ ಜನ. ಸಾವಿರ ವರ್ಷದ ಹಿಂದಿನ ರಾಜನ ಆಸ್ಥಾನದ ಭಾಷೆಗೆ ಪಡುವ ಶ್ರಮವನ್ನು ನಂಜನಗೂಡಿನ ಸುತ್ತಿನ ಜೀವಂತ ಜನರ ಮಾತಿಗೆ ಪಡಲು ಅವರಿಗೆ ಬೇಸರ. ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ಅರ್ಥ ಆಗಕ್ಕೆ ಶುರುವಾಯಿತೇನೋ. ಕ್ಲಾಸಿನಲ್ಲಿ ‘ಓಗಿತ್ತು’ ಕೇಳಿಸದ ಕಿವಿಯೇ ವಿಮರ್ಶೆಯಲ್ಲೂ ಕೆಲಸ ಮಾಡುತ್ತಿತ್ತು.

ಹಾಗಾದರೆ ಹ ಸರಿಯಾಗಿ ಹೇಳಲು ಕಲಿತರೆ ಕೇಳುತ್ತಾರೆಯೆ? ಓಂಪ್ರಕಾಶ್ ವಾಲ್ಮೀಕಿ ೧೯೯೭ರಲ್ಲಿ ಹಿಂದಿಯಲ್ಲಿ ಪ್ರಕಟಿಸಿದ ‘ಜೂಠನ್’ ಓದಿ. ಭಂಗಿ ಕೇರಿಯ ಹುಡುಗ. ಕ್ಲಾಸಿನಲ್ಲಿ ಮೇಷ್ಟ್ರು ದ್ರೋಣನ ಬಡತನದ ಕತೆ ಹೇಳುತ್ತಿದ್ದಾರೆ. ಹಾಲಿಲ್ಲದೆ ಹಿಟ್ಟು ಕಲಸಿದ ನೀರನ್ನೇ ಮಗ ಅಶ್ವತ್ಥಾಮನಿಗೆ ಕುಡಿಸಿದ ಕತೆ. ಇಡೀ ಕ್ಲಾಸಿಗೆ ಮರುಕ. ಹುಡುಗ ಎದ್ದು ನಿಂತು ಕೇಳುತ್ತಾನೆ: ಅವನಿಗಾದರೆ ಹಿಟ್ಟಿನ ನೀರು, ನಾವು ಕುಡಿಯುವುದು ಅನ್ನ ಬಸಿದ ಗಂಜಿ, ನಮ್ಮ ಮಾತು ಯಾವ ಮಹಾಕಾವ್ಯದಲ್ಲೂ ಯಾಕೆ ಬರಲಿಲ್ಲ?

ಗೆಳೆಯರೇ, ಇದಕ್ಕಿಂತ ಒಳ್ಳೆಯ ಸಾಹಿತ್ಯ ವಿಮರ್ಶೆಯ ಪ್ರಶ್ನೆಯನ್ನು ನಾನು ಎಂ.ಎ. ಕ್ಲಾಸಿನಲ್ಲೂ ಕೇಳಿಲ್ಲ. ಪಾಠವನ್ನು ಇಡೀ ಕ್ಲಾಸಿನಲ್ಲಿ ನಿಜವಾಗಿ ಕೇಳಿಸಿಕೊಂಡವನು ಆ ಹುಡುಗ ಒಬ್ಬನೇ. ತನ್ನ ಹೊಟ್ಟೆಗೆ ತಂದುಕೊಂಡು ಕೇಳಿಸಿಕೊಂಡ. ಮೇಷ್ಟ್ರು ಕೊಟ್ಟ ಉತ್ತರ ಬೆತ್ತ. ನಿನ್ನ ಮೈ ಮೇಲೆ ಮಹಾಕಾವ್ಯ ಬರೀತೀನಿ ಅಂತ ಬಾರಿಸಿದರು. ಇಲ್ಲಿ ಉಚ್ಚಾರದ ಸಮಸ್ಯೆ ಇಲ್ಲ, ಮೇಷ್ಟ್ರಿಗೆ ಕಿವಿ ಕೇಳಿಸುವುದಿಲ್ಲ ಅಂತಲೂ ಅಲ್ಲ. ಬಹಳ ಚೆನ್ನಾಗಿ ಕೇಳಿಸಿತು, ಅದಕ್ಕೇ ಹೊಡೆದರು. ಆ ಪ್ರಶ್ನೆಯನ್ನು ಒಪ್ಪಿಕೊಂಡರೆ ಮೇಷ್ಟ್ರು ತಾನು ಕಲಿತದ್ದನ್ನೆಲ್ಲ ಇನ್ನೊಮ್ಮೆ ಕಲಿಯಬೇಕಾಗುತ್ತಿತ್ತು. ದ್ರೋಣನ ಕಾಲದಲ್ಲಿ ಹೆಬ್ಬೆರಳು ಕೇಳುತ್ತಿದ್ದರು. ಬರೆಯುವ ಕಾಲದಲ್ಲಿ ನಾಲಿಗೆ ಕೇಳುತ್ತಾರೆ.

ಮಾತು ಹೊರಡೋ ಮೊದಲೇ ಕಟ್ಟಿಹಾಕುವ ವ್ಯವಸ್ಥೆ ಹೇಗಿತ್ತು ಅಂತ ಅಂಬೇಡ್ಕರ್ ತಮ್ಮ ಬಾಲ್ಯದ ನೆನಪುಗಳಲ್ಲಿ ಬರೆದಿದ್ದಾರೆ. ಕ್ಲಾಸಿನ ಮೂಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಅವರೊಬ್ಬರೇ ಕೂರಬೇಕು, ಸಂಜೆ ಅದನ್ನು ಮನೆಗೆ ಒಯ್ಯಬೇಕು. ಬಾಯಾರಿದರೆ ಬೇರೆ ಮಕ್ಕಳು ನಲ್ಲಿ ತಿರುಗಿಸಿ ಕುಡೀತಾರೆ. ಇವರು ಮೇಷ್ಟ್ರ ಅಪ್ಪಣೆ ಕೇಳಬೇಕು, ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಬಾಯಾರಿಕೆಯನ್ನೂ ಅರ್ಜಿ ಹಾಕಿ ಹೇಳಬೇಕಾದ ಮಗು ಎಷ್ಟು ದಿನ ಅರ್ಜಿ ಹಾಕುತ್ತದೆ? ಸ್ವಲ್ಪ ದಿನಕ್ಕೆ ಬಾಯಾರಿಕೆಯನ್ನೇ ನುಂಗಲು ಕಲಿಯುತ್ತದೆ. ‘ಈ ಮಕ್ಕಳು ಮಾತೇ ಆಡಲ್ಲ’ ಅನ್ನುವವರು ಆ ಮೌನಕ್ಕೆ ಎಷ್ಟು ತಲೆಮಾರಿನ ತರಬೇತಿ ಇದೆ ಅಂತ ಲೆಕ್ಕ ಹಾಕಲಿ.

ಕೇಳಿಸಿಕೊಂಡ ಮೇಷ್ಟ್ರುಗಳು ಇರಲೇ ಇಲ್ಲವೆ? ಇದ್ದರು. ೧೮೪೮ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಸಾವಿತ್ರಿಬಾಯಿ ಮೇಲೆ ಸಗಣಿ ಎಸೆದದ್ದು ಎಲ್ಲರಿಗೂ ಗೊತ್ತಿರುವ ವಿಷಯ. ನನಗೆ ಮುಖ್ಯ ಅನ್ನಿಸೋದು ಆ ಶಾಲೆಗಳಲ್ಲಿ ಓದಿದ ಮುಕ್ತಾ ಎಂಬ ಮಾಂಗ ಜಾತಿಯ ಹುಡುಗಿ. ೧೮೫೫ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಮಾಂಗ, ಮಹಾರರ ದುಃಖದ ಬಗ್ಗೆ ಅವಳು ಬರೆದ ಪ್ರಬಂಧ ಅಚ್ಚಾಯಿತು. ವೇದ ಬ್ರಾಹ್ಮಣರದ್ದು ಮಾತ್ರ ಅಂದಮೇಲೆ ನಮ್ಮ ಧರ್ಮ ಯಾವುದು ಅಂತ ಕೇಳಿದಳು. ದೊಡ್ಡವರ ಕಟ್ಟಡದ ಪಾಯಕ್ಕೆ ನಮ್ಮವರನ್ನು ಜೀವಂತ ಹೂತರು ಅಂತ ಬರೆದಳು. ತಲೆ ಮೇಲೆ ಸೂರಿಲ್ಲದೆ ಹೆರುವ ಹೆಂಗಸರ ಬಗ್ಗೆ ಬರೆದಳು. ಶಾಲೆ ಸೇರಿ ಕೆಲವೇ ವರ್ಷ ಓದಿದ ಹುಡುಗಿ ಇದನ್ನು ಬರೆಯಬೇಕಾದರೆ, ಆ ಶಾಲೆಯಲ್ಲಿ ಇಂಥ ಪ್ರಶ್ನೆ ಎದ್ದಾಗ ಬೆತ್ತ ಏಳಲಿಲ್ಲ ಅಂತಲೇ ಅರ್ಥ. ಅಷ್ಟೇ ಅಲ್ಲ, ಆ ಮಾತು ನಾಲ್ಕು ಗೋಡೆಯ ಒಳಗೆ ಉಳಿಯಲಿಲ್ಲ, ಅವಳ ಹೆಸರಲ್ಲೇ ಹೊರಗೆ ಹೋಯಿತು. ತಲೆ ಅಲ್ಲಾಡಿಸಿ ‘ಪಾಪ’ ಅಂದು ಕಳಿಸೋದಕ್ಕೂ ಇದಕ್ಕೂ ಆಕಾಶ ಭೂಮಿ ವ್ಯತ್ಯಾಸ.

‘ಪಾಪ’ ಅನ್ನುವ ಕಿವಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಈಚೆಗೆ ಒಂದು ಹೊಸ ಚಾಳಿ ಬಂದಿದೆ. ಅಂಬೇಡ್ಕರ್ ಜಯಂತಿಯ ದಿನ ಹಾಸ್ಟೆಲಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮೈಕಿನ ಮುಂದೆ ನಿಲ್ಲಿಸಿ, ‘ನಿನ್ನ ಕಷ್ಟ ಹೇಳಮ್ಮ’ ಅನ್ನುವುದು. ಮಗು ಹೇಳುತ್ತದೆ, ವೇದಿಕೆಯ ಮೇಲಿನವರು ಕರ್ಚೀಫು ತೆಗೆಯುತ್ತಾರೆ, ಯಾರೋ ಫೋಟೋ ತೆಗೆಯುತ್ತಾರೆ, ಮಾರನೇ ದಿನದಿಂದ ಇಡೀ ಶಾಲೆಗೆ ಆ ಮಗು ‘ಆ ಕಷ್ಟದ ಮಗು’. ಇದು ಕೇಳಿಸಿಕೊಳ್ಳುವುದಲ್ಲ, ವಸೂಲಿ. ಇಲ್ಲಿ ಕೊಬಾಯಾಶಿಯವರಿಂದ ಕಲಿಯೋದಿದೆ, ಆದರೆ ನಾಲ್ಕು ಗಂಟೆಯ ಪ್ರಸಂಗದಿಂದಲ್ಲ. ಮೈ ಬೆಳವಣಿಗೆ ನಿಂತುಹೋದ ತಾಕಾಹಾಶಿ ಎಂಬ ಹುಡುಗನನ್ನು ಒಬ್ಬ ಟೀಚರು ಪಾಠದ ನಡುವೆ ತಮಾಷೆಗೆ, ನಿನಗೇನಾದರೂ ಬಾಲ ಇದೆಯಾ ಅಂತ ಕೇಳುತ್ತಾರೆ. ಅದು ಹೆಡ್‌ಮಾಸ್ತರ ಕಿವಿಗೆ ಬೀಳುತ್ತದೆ. ಅವರು ಆ ಟೀಚರನ್ನು ಮಕ್ಕಳ ಮುಂದೆ ಬೈಯುವುದಿಲ್ಲ, ಸ್ಟಾಫ್ ರೂಮಿನಲ್ಲೂ ಅಲ್ಲ, ಅಡುಗೆಮನೆಯಲ್ಲಿ ಒಬ್ಬರೇ ಇದ್ದಾಗ ಕೋಪದಿಂದ ಕೇಳುತ್ತಾರೆ. ತಾಕಾಹಾಶಿ ಒಂದು ಮಾತೂ ದೂರಿಲ್ಲ. ಆಡದ ಮಾತನ್ನು ಅವರು ಕೇಳಿಸಿಕೊಂಡರು. ಹುಡುಗನನ್ನು ಕರೆದು ‘ನಿನಗೆ ಬೇಜಾರಾಯ್ತಾ’ ಅಂತ ಕೆದಕಲೂ ಇಲ್ಲ, ತಿದ್ದಬೇಕಾದವರನ್ನು ತಿದ್ದಿದರು. ನಮ್ಮ ಶಾಲೆಗಳ ಅಡುಗೆಮನೆಗಳಲ್ಲಿ ಇಂಥ ಒಂದು ಸಂಜೆ ಬಂದರೆ ಸಾಕಿತ್ತು. ನಮ್ಮ ಅಡುಗೆಮನೆಗಳು ಯಾರು ಬೇಯಿಸಿದರೆ ಯಾರು ಉಣ್ಣುವುದಿಲ್ಲ ಅನ್ನುವ ಜಗಳದಲ್ಲೇ ಪೇಪರಿಗೆ ಬರುತ್ತವೆ.

ಹಳ್ಳಿಯಲ್ಲಿ ಪಾಠ ಹೇಳುವ ಗೆಳೆಯರು ನನ್ನನ್ನು ಕೇಳುತ್ತಾರೆ: ನೀನು ಕವಿ, ಬರೆದುಬಿಡ್ತೀಯ; ಐದು ಕ್ಲಾಸಿಗೆ ಇಬ್ಬರೇ ಮೇಷ್ಟ್ರು, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಆನ್‌ಲೈನಿಗೆ ಏರಿಸೋ ಹಾಜರಿ, ಅತಿಥಿ ಶಿಕ್ಷಕನಿಗೆ ತಿಂಗಳುಗಟ್ಟಲೆ ಬಾರದ ಗೌರವಧನ... ಇದರ ನಡುವೆ ನಾಲ್ಕು ಗಂಟೆ ಎಲ್ಲಿಂದ ತರಲಿ? ನ್ಯಾಯವಾದ ಪ್ರಶ್ನೆ. ಮೇಷ್ಟ್ರನ್ನು ಗುಮಾಸ್ತ ಮಾಡಿದ ಸರ್ಕಾರದ ಜೊತೆ ಜಗಳ ಆಡಲೇಬೇಕು. ಆದರೆ ನಾನು ನಾಲ್ಕು ಗಂಟೆ ಕೇಳುತ್ತಿಲ್ಲ. ಮೂರು ಸೆಕೆಂಡು ಕೇಳುತ್ತಿದ್ದೇನೆ.

ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ಶಾಲೆಗಳ ವಿಜ್ಞಾನ ಪಾಠಗಳನ್ನು ಟೇಪು ಮಾಡಿ ಕೇಳಿ, ೧೯೭೦ರ ದಶಕದಲ್ಲಿ ಒಂದು ವಿಷಯ ಕಂಡುಹಿಡಿದರು. ಪ್ರಶ್ನೆ ಕೇಳಿದ ಮೇಲೆ ಟೀಚರು ಉತ್ತರಕ್ಕೆ ಕಾಯುವುದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದ ಮಕ್ಕಳು ಬಾಯಿ ಬಿಡುತ್ತಾರೆ, ತಾವೇ ಪ್ರಶ್ನೆ ಕೇಳುತ್ತಾರೆ. ಇನ್ನೊಂದನ್ನೂ ಅವರು ಕಂಡರು: ಜಾಣರು ಅಂತ ಟೀಚರು ಎಣಿಸಿದ ಮಕ್ಕಳಿಗೆ ಹೆಚ್ಚು ಹೊತ್ತು ಕಾಯುತ್ತಾರೆ, ದಡ್ಡರು ಅಂತ ಎಣಿಸಿದವರಿಗೆ ಕಡಿಮೆ. ಅಂದರೆ ಯಾರಿಗೆ ಮಾತು ಹುಡುಕಲು ಹೊತ್ತು ಬೇಕೋ ಅವರಿಗೇ ಹೊತ್ತಿಲ್ಲ. ನಮ್ಮ ಕ್ಲಾಸುಗಳಲ್ಲಿ ‘ದಡ್ಡರು’ ಯಾವ ಬೀದಿಯಿಂದ ಬರುತ್ತಾರೆ ಅಂತ ಎಣಿಸಲ್ಪಟ್ಟಿದೆ? ಅದನ್ನು ನೀವೇ ನಿಮ್ಮ ಹಾಜರಿ ಪುಸ್ತಕ ತೆರೆದು ನೋಡಿಕೊಳ್ಳಿ. ಮನೆಯ ಮಾತಿನಲ್ಲಿ ಯೋಚಿಸಿ, ಪುಸ್ತಕದ ಮಾತಿಗೆ ತಿರುಗಿಸಿ, ಹ ಎಲ್ಲಿ ಹಾಕಬೇಕು ಅಂತ ಹೆದರಿ, ಆಮೇಲೆ ಬಾಯಿ ತೆರೆಯಬೇಕಾದ ಮಗುವಿಗೆ ಒಂದು ಸೆಕೆಂಡು ಯಾವ ಮೂಲೆಗೆ?

೧೯೯೫ರಲ್ಲಿ ಎಚ್.ಡಿ. ಕೋಟೆಯಲ್ಲಿ ‘ನಲಿ-ಕಲಿ’ ಶುರುವಾದಾಗ ಮೇಷ್ಟ್ರು ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂತರು. ಜೇನುಕುರುಬರ, ಕಾಡುಕುರುಬರ ಮಕ್ಕಳಿರುವ ತಾಲೂಕು ಅದು. ಮಗುವಿನ ಕಣ್ಣಿನ ಎತ್ತರಕ್ಕೆ ಮೇಷ್ಟ್ರ ಕಣ್ಣು ಬಂದದ್ದು ಸಣ್ಣ ಕ್ರಾಂತಿ ಅನ್ನಿ. ಆಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಎಷ್ಟೋ ಕಡೆ ಕಾರ್ಡು ಉಳಿಯಿತು, ಏಣಿಯ ಮೆಟ್ಟಿಲು ಉಳಿಯಿತು, ಮಗು ಯಾವ ಮೆಟ್ಟಿಲಲ್ಲಿದೆ ಅನ್ನೋ ಗುರುತು ಹಾಕುವ ಗಡಿಬಿಡಿಯಲ್ಲಿ ಮಗು ಏನು ಅಂದಿತು ಅನ್ನೋದು ಹೋಯಿತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಅನ್ನುತ್ತದೆ. ಒಳ್ಳೆಯದು. ‘ಹ ಹೇಳೋ’ ಅಂತ ಕ್ಲಾಸಿಗೆ ನಗಿಸಿದ್ದನ್ನು ಆ ಕಾಯಿದೆಯಡಿ ಯಾವ ಮೇಷ್ಟ್ರೂ ಹಿಂಸೆ ಅಂತ ಒಪ್ಪುವುದಿಲ್ಲ.

ಒಂದು ಕೆಲಸ ನಾಳೆ ಬೆಳಿಗ್ಗೆಯೇ ಮಾಡಬಹುದು. ಹಾಜರಿಯಲ್ಲಿ ಗೈರು ಬಿದ್ದ ಮಗು ಮರಳಿ ಬಂದಾಗ, ಎಲ್ಲರ ಮುಂದೆ ನಿಲ್ಲಿಸಿ ‘ಯಾಕೋ ಬರಲಿಲ್ಲ’ ಅನ್ನಬೇಡಿ. ಅದು ಪ್ರಶ್ನೆಯಲ್ಲ, ವಿಚಾರಣೆ. ವಿಚಾರಣೆಗೆ ನಮ್ಮ ಜನ ಸುಳ್ಳು ಹೇಳಿ ಪಾರಾಗಲು ಶತಮಾನಗಳಿಂದ ಕಲಿತಿದ್ದಾರೆ. ನೀರು ಕುಡಿಯುವ ಹೊತ್ತಲ್ಲೋ, ಗಂಟೆ ಬಾರಿಸಿದ ಮೇಲೋ, ಪಕ್ಕದಲ್ಲಿ ನಡೆಯುತ್ತ ಕೇಳಿ. ಹೇಳದಿದ್ದರೆ ಬಿಡಿ, ಇನ್ನೊಂದು ದಿನ ಹೇಳುತ್ತದೆ. ಹೇಳಿದರೆ ಅದನ್ನು ಸ್ಟಾಫ್ ರೂಮಿನ ಚಹಾದ ಜೊತೆ ಹಂಚಬೇಡಿ. ಅವ್ವ ಕಬ್ಬು ಕಡಿಯಲು ಹೋಗಿದ್ದರೆ ತಂಗಿಯನ್ನೂ ಶಾಲೆಗೆ ಕರಕೊಂಡು ಬಾ ಅನ್ನಿ, ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ನೀವೇ ಒಂದು ಮಾತು ಆಡಿ. ಇಷ್ಟಾದರೆ ಆ ಹುಡುಗ ಕೇಳಿಸಿತು ಅಂತ ನಂಬುತ್ತಾನೆ. ಏನೂ ಮಾಡದೆ ಬರೀ ಕೇಳಿಸಿಕೊಂಡರೆ ಎರಡನೇ ಸಲ ಹೇಳುವುದಿಲ್ಲ.

ನಮ್ಮ ಬಳಗಕ್ಕೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ೧೯೭೦ರ ದಶಕದಿಂದ ನಾವು ಕೂಗುವುದನ್ನು ಕಲಿತೆವು, ಕೂಗಲೇಬೇಕಿತ್ತು. ಆದರೆ ನಮ್ಮ ಕವಿಗೋಷ್ಠಿಗಳಲ್ಲಿ ಅವ್ವನ ಮೇಲೆ ಎಷ್ಟು ಪದ್ಯ ಓದುತ್ತೇವೆ! ಆ ಅವ್ವಂದಿರಲ್ಲಿ ಎಷ್ಟು ಜನರನ್ನು ಕೂರಿಸಿಕೊಂಡು ನಾಲ್ಕು ಗಂಟೆ ಕೇಳಿದ್ದೇವೆ? ಹಿಂದಿನ ಬೆಂಚಿನಲ್ಲಿ ಕೂತ ಹುಡುಗಿಯರು ಎದ್ದು ಪ್ರಶ್ನೆ ಕೇಳಿದಾಗ ‘ಸಮಯದ ಅಭಾವ’ ಅನ್ನುವ ನಿರೂಪಕರು ನಮ್ಮವರೇ.

೨೦೨೫ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗಿ ಮೇಷ್ಟ್ರುಗಳೇ ಮನೆ ಮನೆಗೆ ಹೊರಟರು. ಕೈಯಲ್ಲಿ ಮೊಬೈಲು, ಅದರಲ್ಲಿ ಅರವತ್ತು ಪ್ರಶ್ನೆ. ನೆಟ್‌ವರ್ಕ್ ಸಿಗದೆ ಎಷ್ಟು ಪರದಾಡಿದರು ಅಂತ ಎಲ್ಲ ಕಡೆ ಬಂತು, ಅದು ನಿಜ. ಆದರೆ ಇನ್ನೊಂದೂ ನಡೆಯಿತು. ಎಷ್ಟೋ ವರ್ಷ ಅದೇ ಊರಲ್ಲಿ ಪಾಠ ಹೇಳಿ ಕೇರಿಯ ಕಡೆ ಒಮ್ಮೆಯೂ ತಲೆ ಹಾಕದ ಕೆಲವರು ಮೊದಲ ಸಲ ತಮ್ಮ ವಿದ್ಯಾರ್ಥಿಯ ಮನೆಯ ಹೊಸ್ತಿಲಲ್ಲಿ ನಿಂತರು. ಜಾತಿ ಕೇಳಿದರು, ಉಪಜಾತಿ ಕೇಳಿದರು, ಭೂಮಿ ಎಷ್ಟು, ಸಾಲ ಎಷ್ಟು, ಕಕ್ಕಸು ಇದೆಯಾ ಅಂತ ಕೇಳಿದರು. ಜನ ಎಲ್ಲಕ್ಕೂ ಉತ್ತರ ಕೊಟ್ಟರು. ನಮ್ಮ ಬೀದಿಯ ಒಬ್ಬ ಮುದುಕಿ ಕೊನೆಗೆ, ‘ಎಲ್ಲಾನೂ ಬರ್ಕಂಡ್ರಲ್ಲ ಸಾ, ನಮ್ ಐದ ಇಸ್ಕೂಲ್ನಲ್ಲಿ ಮಾತಾಡದಾ?’ ಅಂತ ಕೇಳಿದಳು. ಮೇಷ್ಟ್ರು ಮೊಬೈಲಿನ ಪರದೆ ನೋಡುತ್ತ ನಿಂತರು. ಅದಕ್ಕೆ ಅಲ್ಲಿ ಕಾಲಂ ಇರಲಿಲ್ಲ.